ಕೈಗೆ ನೀರು

"ಅಕ್ಕಾ, ಬಾಗಿಲು ಗಟ್ಟಿಯಾಯ್ತು. ಇನ್ಮೇಲೆ ಅವನು ಒದ್ದರೆ ಮುರಿಯೋದು ಅವನ ಕಾಲೇ," ಅಂದ ವೆಲ್ಡರ್, ಸುತ್ತಿಗೆ ಕೆಳಗಿಟ್ಟು.

"ಒದೆಯೋ ಕಷ್ಟ ಯಾಕೆ ಅವನಿಗೆ? ನಾಲ್ಕು ಗಂಟೆಗೆ ನಾವೇ ತೆಗೆದು ಬನ್ನಿ ಅಂತ ಕರೀತೀವಲ್ಲ," ಅಂದಳು ನರ್ಸು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವಳು ಸುತ್ತಿಗೆ ಸದ್ದಿಗೆ ಎದ್ದು, ತಲೆಗೂದಲು ಕೆದರಿಕೊಂಡೇ ಮೆಟ್ಟಿಲ ಮೇಲೆ ಕೂತಿದ್ದಳು. "ಒಂದು ಕಡೆ ಕಬ್ಬಿಣದ ಪಟ್ಟಿ, ಇನ್ನೊಂದು ಕಡೆ ಬಿಸಿ ಚಹಾ. ನಮ್ಮ ಮನೆಗೆ ತಲೆ ನೆಟ್ಟಗಿದೆಯಾ ಅಕ್ಕ?"

ನಾನು ಬಾಗಿಲಿನ ಕೆಳಗಿನ ಹಲಗೆಯನ್ನು ನೋಡುತ್ತಿದ್ದೆ. ಮಂಗಳವಾರ ಅವನು ಒದ್ದು ಸೀಳಿದ ಜಾಗಕ್ಕೆ ವೆಲ್ಡರ್ ತಗಡು ಹೊಡೆದು, ಒಳಗಡೆ ಎರಡು ಕೊಕ್ಕೆ ಬೆಸೆದು, ಹೆಬ್ಬೆರಳು ದಪ್ಪದ ಪಟ್ಟಿಯೊಂದನ್ನು ಅಡ್ಡ ಕೂರಿಸಿದ್ದ. ತೋಳುದ್ದ ಇತ್ತು. ಎತ್ತಿ ನೋಡಿದೆ. ಭಾರವಾಗಿಯೇ ಇತ್ತು.

ಇದು ನಮ್ಮ ಚರ್ಚಿನ ಸಭೆಯ ಮನೆ. ಊರು ಬಿಟ್ಟು ಕೆಲಸಕ್ಕೆ ಬಂದ ಪ್ರಾಯದ ಮಕ್ಕಳು ಒಟ್ಟಿಗೆ ಉಂಡು, ಒಟ್ಟಿಗೆ ಪ್ರಾರ್ಥನೆ ಮಾಡಿಕೊಂಡು ಇರಲಿ ಅಂತ ಆರಾಧನಾ ಮಂದಿರದ ಹಿಂದೆ ಕಟ್ಟಿಸಿದ್ದು. ನರ್ಸು ಮತ್ತೆ ಇನ್ನೊಬ್ಬ ಹುಡುಗಿ ಮೇಲೆ, ವೆಲ್ಡರ್ ಮತ್ತೆ ಇನ್ನೊಬ್ಬ ಹುಡುಗ ಕೆಳಗೆ, ಮೆಟ್ಟಿಲ ಬುಡದ ಕೋಣೆಯಲ್ಲಿ ಕಾವಲು ನಾಯಿಯ ಹಾಗೆ ನಾನು. ಇಪ್ಪತ್ತು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುನ್ನೂರು ಜನಕ್ಕೆ ಬಡಿಸಿದವಳಿಗೆ ನಾಲ್ಕು ಮಕ್ಕಳೇನು ಮಹಾ ಅಂತ ಒಪ್ಪಿಕೊಂಡಿದ್ದೆ. ಮುನ್ನೂರು ಜನ ಉಂಡು ಎದ್ದು ಹೋಗುತ್ತಾರೆ, ಮನೆಯವರು ಎದ್ದು ಹೋಗುವುದಿಲ್ಲ ಅನ್ನುವುದು ಆಮೇಲೆ ಗೊತ್ತಾಯ್ತು.

ಮನೆಗೆ ಎರಡೇ ನಿಯಮ. ಎರಡನ್ನೂ ನಾನೇ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದೆ.

ಒಂದು: ಕೈ ಎತ್ತಿದವರು ಬ್ಯಾಗನ್ನೂ ಎತ್ತಬೇಕು. ಹೊಡೆದವರಿಗೆ ಈ ಮನೆಯಲ್ಲಿ ಜಾಗವಿಲ್ಲ. ಆರು ವರ್ಷದಲ್ಲಿ ಇಬ್ಬರನ್ನು ಹೀಗೆ ಕಳಿಸಿದ್ದೇನೆ. ಒಬ್ಬ ಒಂದೇ ಒಂದು ಕಪಾಳಕ್ಕೆ ಹೋದವನು, ಬಸ್ಸು ಹತ್ತುವವರೆಗೂ ಅತ್ತಿದ್ದ.

ಎರಡು: ಶನಿವಾರ ನಾಲ್ಕಕ್ಕೆ ಎಲ್ಲರೂ ಮೇಜಿನ ಸುತ್ತ ಕೂರಬೇಕು. ಆ ವಾರ ಯಾರಿಗಾದರೂ ತಪ್ಪು ಮಾಡಿದ್ದರೆ ಅವರ ಮುಂದೆ ಹೇಳಬೇಕು. 'ತಪ್ಪಾಯ್ತು' ಅಂದರೆ ಸಾಲದು, ಏನು ಮಾಡಿದೆ ಅಂತ ಬಿಡಿಸಿ ಹೇಳಬೇಕು. ಆಮೇಲೆ ಮೇಜಿನ ಮೇಲೆ ಬೇಸಿನ್ನು ಇಟ್ಟು, ನೊಂದವರು ಸ್ಟೀಲು ಜಗ್ಗಿನಿಂದ ಅವರ ಕೈಗೆ ನೀರು ಹಾಕುತ್ತಾರೆ. ನೀರು ಬಿದ್ದ ಮೇಲೆ ಆ ಮಾತು ಮುಗಿಯಿತು, ಮತ್ತೆ ಯಾರೂ ಎತ್ತುವಂತಿಲ್ಲ. ಹೋದ ವಾರ ರೇಡಿಯೊ ಎದ್ದು ನಿಂತು, "ನರ್ಸಮ್ಮನ ಸೋಪಿನಲ್ಲಿ ನನ್ನ ಬೂಟು ತೊಳೆದೆ" ಅಂದಿದ್ದ. ಪುಸ್ತಕದಂಗಡಿಯಲ್ಲಿ ಕೆಲಸ ಅವನಿಗೆ, ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ, ಅದಕ್ಕೇ ಆ ಹೆಸರು. "ಎಷ್ಟು ಬೂಟು?" ಅಂತ ಕೇಳಿದ್ದೆ. "ಎರಡೂ ಅಕ್ಕ, ಎರಡು ಕಾಲಿದೆಯಲ್ಲ." ನರ್ಸು ನಗುತ್ತಲೇ ನೀರು ಹಾಕಿದ್ದಳು.

ಇವತ್ತು ಆ ಮೇಜಿಗೆ ಹೊರಗಿನವನೊಬ್ಬ ಬರುವವನಿದ್ದ. ನಮ್ಮ ಟೈಲರ್ ಹುಡುಗಿಯ ಅಣ್ಣ.

ಅವಳು ಎಂಟು ತಿಂಗಳ ಹಿಂದೆ ಒಂದು ಬ್ಯಾಗು ಹಿಡಿದು ಬಂದವಳು. ಎಡಗೈಯ ಎರಡು ಬೆರಳು ಸೊಟ್ಟಗಿದ್ದವು. ಹೇಗಾಯ್ತು ಅಂತ ಕೇಳಿದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಂದು ದಿನ ದಿಂಬಿನ ಚೀಲ ಹೊಲಿಯುತ್ತಾ ತಾನಾಗಿ ಹೇಳಿದಳು: ಕೆಲಸಕ್ಕೆ ಹೋಗುತ್ತೇನೆ ಅಂದದ್ದಕ್ಕೆ ಅಣ್ಣ ಅವಳ ಬೆರಳನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಹಾಕಿದ. "ಧಡ್ ಅಂತ ಅಲ್ಲ ಅಕ್ಕ, ನಿಧಾನವಾಗಿ," ಅಂದು ದಾರ ಕಚ್ಚಿ ತುಂಡು ಮಾಡಿದಳು.

ಅವನು ಮಂಗಳವಾರ ಬಾಗಿಲು ಒದ್ದ. ಬುಧವಾರದಿಂದ ಪಾಸ್ಟರ ಮನೆಯಲ್ಲಿ ಕೂತು ಅತ್ತ. ನಮ್ಮ ಪಾಸ್ಟರು ಇರುವೆ ಕಂಡರೆ ಸುತ್ತಿ ಹೋಗುವ ಮನುಷ್ಯ. ನನ್ನನ್ನು ಕರೆಸಿ, "ಕಲ್ಲು ಕರಗೋ ಹಾಗೆ ಅಳ್ತಾನಮ್ಮ. ಶನಿವಾರದ ನೀರು ಅವನಿಗೂ ಸಿಗಲಿ. ಸಿಕ್ಕಿದ ಮೇಲೆ ತಂಗಿ ಅವನ ಜೊತೆ ಮನೆಗೆ ಹೋಗಲಿ, ಅಪ್ಪನಿಗೂ ವಯಸ್ಸಾಯ್ತು," ಅಂದರು. ನಾನು ಹುಡುಗಿಯನ್ನು ಕೇಳಿದೆ. "ನೀವು ಹೇಳಿದ ಹಾಗೆ ಅಕ್ಕ," ಅಂದಳು. ನಾನು ಅದನ್ನು ಒಪ್ಪಿಗೆ ಅಂದುಕೊಂಡೆ. ಹೆದರಿದವರೂ ಹಾಗೇ ಹೇಳುತ್ತಾರೆ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ.

ನಾಲ್ಕಕ್ಕೆ ಸರಿಯಾಗಿ ಪಾಸ್ಟರು ಅವನನ್ನು ಕರೆದುಕೊಂಡು ಬಂದರು. ಅಣ್ಣ ಲಾರಿ ಡ್ರೈವರು. ಗಡ್ಡ ಬೋಳಿಸಿ, ಇಸ್ತ್ರಿಯ ಬಿಳಿ ಅಂಗಿ ಹಾಕಿ, ನನಗೆ ಬಗ್ಗಿ ಕೈ ಮುಗಿದ. ವೆಲ್ಡರ್ ಹಿಂದೆಯೇ ಹೋಗಿ ಪಟ್ಟಿ ಹಾಕಿದ. ಪಾಸ್ಟರು ತಿರುಗಿ ನೋಡಿ, "ಏನಪ್ಪಾ ಇದು, ಜೈಲಾ?" ಅಂತ ತಾವೇ ಅದನ್ನು ಎತ್ತಿ ಗೋಡೆಗೆ ಒರಗಿಸಿದರು.

ಕೂತೆವು. ಪ್ರಾರ್ಥನೆಯಾಯ್ತು. ಅಣ್ಣ ಎದ್ದು ನಿಂತ.

"ನಾನು ಪಾಪಿ," ಅಂದ. "ಕೋಪದಲ್ಲಿ ಕುರುಡನಾದೆ. ಹೆತ್ತ ತಾಯಿ ಸತ್ತ ಮೇಲೆ ತಂಗಿಗೆ ತಾಯಿಯಾಗಬೇಕಿತ್ತು, ಆಗಲಿಲ್ಲ. ಪುಟ್ಟೀ, ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಮ್ಮ." ಕಣ್ಣೀರು ಗದ್ದದಿಂದ ಮೇಜಿಗೆ ತೊಟ್ಟಿಕ್ಕಿತು. ಪಾಸ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹುಟ್ಟಿದ ಮೇಲೆ ಮೊದಲ ಸಲ ರೇಡಿಯೊ ಸುಮ್ಮನಿದ್ದ. ನಾನೂ ನಂಬಿದೆ, ಸುಳ್ಳೇಕೆ ಹೇಳಲಿ. ಜಗ್ಗನ್ನು ಹುಡುಗಿಯ ಕಡೆ ಸರಿಸಿದೆ.

"ಹಾಕಮ್ಮಾ."

ಅವಳು ಜಗ್ಗು ಹಿಡಿದಳು. ಬಗ್ಗಿಸಲಿಲ್ಲ.

"ಅಣ್ಣ ಇನ್ನೂ ಏನೂ ಹೇಳಿಲ್ಲವಲ್ಲ ಅಕ್ಕ," ಅಂದಳು.

"ಮಗಳೇ, ಇಷ್ಟು ಕಣ್ಣೀರು ಸಾಲದಾ?" ಅಂದರು ಪಾಸ್ಟರು.

"ರೇಡಿಯೊ ಹತ್ತಿರ ಒಂದು ಸೋಪಿಗೂ ಬಿಡಿಸಿ ಹೇಳಿಸಿದಿರಿ. ಎಷ್ಟು ಬೂಟು ಅಂತಲೂ ಕೇಳಿದಿರಿ." ಅವಳು ಎಡಗೈಯನ್ನು ಮೇಜಿನ ಮೇಲೆ ಹರಡಿಟ್ಟಳು. "ಯಾವ ಬಾಗಿಲು ಅಂತ ಹೇಳು ಅಣ್ಣ. ಎಷ್ಟು ಹೊತ್ತು ಒತ್ತಿ ಹಿಡಿದೆ ಅಂತ ಹೇಳು. ಹಾಕ್ತೀನಿ."

ಅಣ್ಣನ ಕಣ್ಣೀರು ನಲ್ಲಿ ತಿರುವಿದ ಹಾಗೆ ನಿಂತಿತು.

"ಇಷ್ಟು ಜನರ ಮುಂದೆ ನನ್ನ ಮರ್ಯಾದೆ ತೆಗೀತೀಯೇನೇ?" ಅಂದ, ಮೆಲ್ಲಗೆ. ಅವಳ ಕೈಯಿಂದ ಜಗ್ಗು ಕಿತ್ತುಕೊಂಡ. ತಾನೇ ಕೈಗೆ ಸುರಿದುಕೊಳ್ಳುತ್ತಾನೆ ಅಂದುಕೊಂಡೆ ನಾನು. ಆ ತುಂಬಿದ ಜಗ್ಗನ್ನು ಬೀಸಿ ಅವಳ ಕಿವಿಗೆ ಹೊಡೆದ.

ನೀರು ನಮ್ಮೆಲ್ಲರ ಮುಖಕ್ಕೆ ಎರಚಿತು. ಹುಡುಗಿ ಕುರ್ಚಿ ಸಮೇತ ಬಿದ್ದಳು. ವೆಲ್ಡರ್ ಮೇಜಿನ ಮೇಲಿಂದಲೇ ಹಾರಿ ಅವನ ಕತ್ತು ಹಿಡಿದ. ಅವನು ತಲೆಯಿಂದಲೇ ಗುದ್ದಿದ. ವೆಲ್ಡರನ ಮೂಗು ಮುರಿದ ಸದ್ದು ನನಗೆ ಕೇಳಿಸಿತು, ಒಣಕಡ್ಡಿ ಮುರಿದ ಹಾಗೆ. ಪಾಸ್ಟರು "ಕರ್ತನೇ, ಕರ್ತನೇ" ಅಂತ ನಡುವೆ ನುಗ್ಗಿದರು. ಅವನು ಎದೆಗೆ ಒಂದು ತಳ್ಳು ಕೊಟ್ಟ. ಮುದುಕರು ಗೋಡೆಗೆ ಬಡಿದು ಕುಸಿದರು, ಕನ್ನಡಕ ಯಾರದೋ ಕಾಲಡಿ ಪುಡಿಯಾಯ್ತು. ರೇಡಿಯೊ ಹಿಂದಿನಿಂದ ಬಾಚಿ ತಬ್ಬಿ ಅವನ ಹೆಗಲಿಗೆ ಹಲ್ಲು ಊರಿದ. ಬಿಳಿ ಅಂಗಿ ಕೆಂಪಾಯ್ತು. ಅವನು ಕೊಡವಿದ ರಭಸಕ್ಕೆ ಹುಡುಗ ಅಲಮಾರಿನ ಮೂಲೆಗೆ ಹೋಗಿ ಬಿದ್ದ. ನರ್ಸು ಮೊಣಕಾಲ ಹಿಂದೆ ಒದ್ದಳು, ಅವನ ಕೂದಲು ಹಿಡಿದು ಜಗ್ಗಿದಳು. ಅವಳ ಹೊಟ್ಟೆಗೆ ಮೊಣಕೈ ಬಿತ್ತು. ನಾನು ಬೇಸಿನ್ನು ಎತ್ತಿ ಅವನ ತಲೆಗೆ ಬಡಿದೆ, ಎರಡು ಸಲ. ಅವನು ಕುರ್ಚಿ ಎಸೆದ. ಹಣೆಯಲ್ಲಿ ಏನೋ ಬಿಸಿ ಬಿಸಿ ಇಳಿಯಿತು, ಒಂದು ಕಣ್ಣು ಮುಚ್ಚಿಹೋಯ್ತು.

ಇನ್ನೊಂದು ಕಣ್ಣಿಂದ ನೋಡಿದ್ದನ್ನು ಹೇಳುತ್ತೇನೆ.

ಅವನು ತಂಗಿಯ ಜಡೆಯನ್ನು ಕೈಗೆ ಸುತ್ತಿ ಬಾಗಿಲವರೆಗೆ ಎಳೆದುಕೊಂಡು ಹೋದ. ಪಟ್ಟಿ ಇರಲಿಲ್ಲವಲ್ಲ, ಬಾಗಿಲು ಒಂದೇ ಎಳೆತಕ್ಕೆ ತೆರೆಯಿತು. ಹೊರಗೆ ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಅವಳ ಎಡಗೈಯನ್ನು ಹಿಡಿದು ಬಾಗಿಲ ಸಂದಿಗೆ ತುರುಕಿದ. "ಇದೇ ತಾನೇ ಹೇಳಬೇಕಾದ್ದು? ಹೇಳ್ತೀನಿ, ಬಿಡಿಸಿ ಬಿಡಿಸಿ ಹೇಳ್ತೀನಿ," ಅನ್ನುತ್ತಾ ಬಾಗಿಲು ಒತ್ತತೊಡಗಿದ. ನಿಧಾನವಾಗಿ. ಅವಳು ಕಿರುಚಲಿಲ್ಲ. ಬಲಗೈಯಲ್ಲಿ ಗೋಡೆ ತಡವುತ್ತಿದ್ದಳು. ಒರಗಿಸಿಟ್ಟ ಪಟ್ಟಿ ಸಿಕ್ಕಿತು.

ಮೊದಲ ಏಟು ಅವನ ಮುಂಗೈಗೆ. ಅವನು ಬಾಗಿಲು ಬಿಟ್ಟು, ಮುಂಗೈಯನ್ನು ಹೊಟ್ಟೆಗೆ ಅವುಚಿಕೊಂಡು ಮಂಡಿಯೂರಿದ. ಎರಡನೆಯದು ಮೊಣಕೈಗೆ. ಅವನು ಮಲಗಿದ. ಅವಳು ಪಟ್ಟಿಯನ್ನು ಮೂರನೇ ಸಲ ಎತ್ತಿದಾಗ ನಾನು ಅವಳ ಬೆನ್ನ ಹಿಂದೆಯೇ ಇದ್ದೆ. ಕೈ ಚಾಚಿದರೆ ಸಿಗುತ್ತಿತ್ತು.

ಎದುರು ಮನೆಯಾಕೆ ಫೋನು ಮಾಡಿದ್ದಳಂತೆ, ಪೊಲೀಸರು ಬಂದರು. ಅವನನ್ನು ಆಸ್ಪತ್ರೆಗೆ ಒಯ್ದು ಮಂಚದ ಪಕ್ಕ ಒಬ್ಬ ಕಾನ್‌ಸ್ಟೇಬಲನ್ನು ಕೂರಿಸಿದರು. ಕೇಸು ಬರೆದುಕೊಂಡರು. ನನ್ನ ಹಣೆಗೆ ಏಳು ಹೊಲಿಗೆ ಹಾಕುವಾಗ ನರ್ಸು ಪಕ್ಕದಲ್ಲೇ ನಿಂತು, "ನಮ್ಮ ಟೈಲರ್ ಇದಕ್ಕಿಂತ ನೀಟಾಗಿ ಹೊಲೀತಾಳೆ," ಅಂತ ಡಾಕ್ಟರಿಗೇ ಹೇಳಿದಳು.

ಮರುದಿನ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರು ಸೇರಿದರು. ಮಧ್ಯಾಹ್ನ ಪಾಸ್ಟರು ಬಂದರು, ಒಂದು ಗಾಜಿಗೆ ಟೇಪು ಹಚ್ಚಿದ ಹಳೇ ಕನ್ನಡಕ ಹಾಕಿಕೊಂಡು. ಕೂರಲಿಲ್ಲ.

"ಅವನದು ಕೋರ್ಟು ನೋಡಿಕೊಳ್ಳುತ್ತೆ," ಅಂದರು. "ಆದರೆ ಮನೆಯ ನಿಯಮ ಏನು ಅಂತ ಹಿರಿಯರು ಕೇಳ್ತಾರಮ್ಮ. ಒಂದು ಕಪಾಳಕ್ಕೆ ಹುಡುಗನನ್ನ ಕಳಿಸಿದಿರಿ, ಇದು ಮೂರು ಏಟು ಅಂತಾರೆ."

ಹುಡುಗಿ ಆಗಲೇ ಮೆಟ್ಟಿಲಿಳಿದು ಬಂದಿದ್ದಳು. ಎಡಗೈಗೆ ಬ್ಯಾಂಡೇಜು, ಕಿವಿಗೆ ಹತ್ತಿ, ಬಲಗೈಯಲ್ಲಿ ಅದೇ ಬ್ಯಾಗು.

"ನಾನೇ ಹೊರಡ್ತಿದ್ದೆ ಪಾಸ್ಟರೇ. ನಿಯಮ ನನಗೂ ಓದೋಕೆ ಬರುತ್ತೆ."

"ಎಲ್ಲಿಗೆ?" ಅಂದೆ.

ಅವಳು ಬಾಗಿಲ ಕಡೆ ನೋಡಿದಳು. ಅವಳಿಗೆ ಗೊತ್ತಿದ್ದ ಇನ್ನೊಂದು ಮನೆ ಒಂದೇ.

ನಾನು ಅಡುಗೆಮನೆಗೆ ಹೋಗಿ ಜಗ್ಗಿಗೆ ನೀರು ತುಂಬಿಸಿ ತಂದು ಮೇಜಿನ ಮೇಲೆ ಕುಕ್ಕಿದೆ. ನೆಗ್ಗಿ ಹೋಗಿದ್ದ ಜಗ್ಗು ಒಂದು ಕಡೆ ವಾಲಿತು.

"ಕೂತ್ಕೊಳ್ಳಿ ಎಲ್ಲರೂ. ನಿನ್ನೆಯ ಸುತ್ತು ಮುಗಿದಿಲ್ಲ."

ಪಾಸ್ಟರನ್ನು ಬಿಟ್ಟು ಎಲ್ಲರೂ ಕೂತರು. ನಾನು ನಿಂತೆ.

"ಪೊಲೀಸರು ಬರೆದುಕೊಂಡದ್ದು ಬೇರೆ. ನಾನು ಬೇಸಿನ್ನಿನಿಂದ ಅವನ ತಲೆಗೆ ಎರಡು ಸಲ ಹೊಡೆದೆ," ಅಂದೆ. "ಆಮೇಲೆ ಮೂರನೇ ಏಟನ್ನ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಬೀಳಲಿ ಇನ್ನೊಂದು ಅಂದುಕೊಂಡೆ. ನನ್ನ ಬ್ಯಾಗು ಮಂಚದ ಕೆಳಗಿದೆ."

ವೆಲ್ಡರ್ ಎದ್ದ. ಮೂಗಿಗೆ ಹತ್ತಿ ತುರುಕಿದ್ದರಿಂದ ಮಾತು ಹಂಡೆಯೊಳಗಿಂದ ಬಂದ ಹಾಗಿತ್ತು. "ಕತ್ತು ಹಿಸುಕಿದೆ. ಸಾಯಲಿ ಅಂತಲೇ ಹಿಸುಕಿದೆ."

"ಒಂದು ಒದೆ, ಒಂದು ಹಿಡಿ ಕೂದಲು," ಅಂದಳು ನರ್ಸು. "ಕೂದಲು ಇನ್ನೂ ನನ್ನ ಉಂಗುರದಲ್ಲಿ ಸಿಕ್ಕಿಕೊಂಡಿದೆ, ಬೇಕಾದರೆ ನೋಡಿ."

"ಹೆಗಲು ಕಚ್ಚಿದೆ," ಅಂದ ರೇಡಿಯೊ. "ಕೈ ಎತ್ತಲಿಲ್ಲ, ಹಲ್ಲು ಎತ್ತಿದೆ. ಅದಕ್ಕೆ ಅರ್ಧ ಬ್ಯಾಗು ಸಾಕಾ ಅಕ್ಕ?"

"ಬಾಯಿ ಮುಚ್ಚೋ," ಅಂದೆ.

ಹುಡುಗಿ ಕೊನೆಗೆ ಎದ್ದಳು. "ಮೊದಲನೇದು ಕೈ ಬಿಡಿಸಿಕೊಳ್ಳೋಕೆ. ಎರಡನೇದು ಅವನು ಏಳಬಾರದು ಅಂತ. ಮೂರನೇದು..." ಉಗುಳು ನುಂಗಿದಳು. "ಮೂರನೇದು ಬೇಕಂತಲೇ ಹೊಡೆದೆ. ಮತ್ತೆ ಎತ್ತಿದ್ದೆ. ಕೈ ಸೋತಿತು, ಅದಕ್ಕೇ ಬಿಟ್ಟೆ."

ಗೋಡೆಯ ಮೇಲೆ ಒರೆಸಿದರೂ ಹೋಗದ ಕಲೆಯೊಂದು ಉಳಿದಿತ್ತು. ಅದು ಯಾರ ರಕ್ತ ಅಂತ ನಮಗೂ ತಿಳಿಯದು.

"ನಿಯಮದ ಪ್ರಕಾರ ಐದು ಬ್ಯಾಗು ಪಾಸ್ಟರೇ," ಅಂದೆ. "ಹಿರಿಯರಿಗೆ ಹೇಳಿ, ಬೀಗ ತರಿಸಿಕೊಳ್ಳಲಿ. ಅವಳೊಬ್ಬಳೇ ಹೋಗೋದಾದರೆ ಮೊದಲು ಫ್ರಿಜ್ಜಿನ ಮೇಲಿನ ಆ ಕಾಗದ ಹರೀತೀನಿ."

"ನಿಯಮ ನಿಮ್ಮದೇ ಅಲ್ವಾಮ್ಮ?"

"ನನ್ನದೇ. ಏಟು ತಿನ್ನೋರು ಒಳಗಿರ್ತಾರೆ, ಹೊಡೆಯೋರು ಹೊರಗಿರ್ತಾರೆ ಅಂದುಕೊಂಡು ಬರೆದೆ. ಹೊಡೆಯೋನಿಗೆ ಬಾಗಿಲು ತೆಗೆದು ಕುರ್ಚಿ ಹಾಕಿಕೊಡ್ತೀನಿ ಅಂತ ಬರೆಯುವಾಗ ಗೊತ್ತಿರಲಿಲ್ಲ."

ಪಾಸ್ಟರು ಕುರ್ಚಿ ಎಳೆದು ಕೂತು, ತೋಳಿನ ಗುಂಡಿ ಬಿಚ್ಚಿ, ಅಂಗಿ ಮಡಿಸಿದರು.

"ಪಟ್ಟಿ ಎತ್ತಿದವನು ನಾನು," ಅಂದರು. "ಹುಡುಗ ಹಾಕಿದ್ದನ್ನ ನಾನು ತೆಗೆದೆ. ಏನು ಮಾಡಿದೆ ಅಂತ ಅವನು ಹೇಳೋ ಮೊದಲೇ ನೀರು ಹಾಕು ಅಂದೆ. ನಿನ್ನ ಬೆರಳು ಹೇಗಾಯ್ತು ಅಂತ ಮೂರು ದಿನ ಅವನ ಜೊತೆ ಕೂತಿದ್ದೂ ಕೇಳಲಿಲ್ಲ ಮಗಳೇ. ಕೇಳಿದರೆ ಅವನು ಅಳು ನಿಲ್ಲಿಸಿಬಿಡ್ತಾನೆ ಅಂತ ಭಯವಾಯ್ತು."

"ಹಿರಿಯರಿಗೆ ಏನು ಹೇಳ್ತೀರಿ?" ಅಂತ ಕೇಳಿದ ವೆಲ್ಡರ್.

"ಇದನ್ನೇ ಹೇಳ್ತೀನಿ. ಬಿಡಿಸಿ ಹೇಳ್ತೀನಿ. ಕಳಿಸೋದಾದರೆ ಆರು ಬ್ಯಾಗು ಅಂತೀನಿ."

ಹುಡುಗಿ ಬಲಗೈಯೊಂದರಲ್ಲೇ ಜಗ್ಗು ಎತ್ತಿದಳು. ಭಾರಕ್ಕೆ ಮುಂಗೈ ಕೆಳಗೆ ವಾಲಿತು. ನರ್ಸು ಅಡಿಯಲ್ಲಿ ಕೈ ಕೊಡಲು ಹೋದಳು, ಅವಳು ಬೇಡ ಅಂತ ತಲೆಯಾಡಿಸಿದಳು. ನೆಗ್ಗಿದ ಬಾಯಿಂದ ನೀರು ಅಡ್ಡಾದಿಡ್ಡಿ ಬಂದು ಪಾಸ್ಟರ ಕೈಗೆ ಅರ್ಧ, ಅಂಗಿಗೆ ಅರ್ಧ ಬಿತ್ತು. ಆಮೇಲೆ ನನ್ನ ಕಡೆ ತಿರುಗಿದಳು. ನನ್ನ ಕೈಗೂ ಹಾಕಿದಳು. ತಣ್ಣಗಿತ್ತು.

ಪಾಸ್ಟರು ತೊಟ್ಟಿಕ್ಕುವ ಕೈಗಳನ್ನು ಮುಂದೆ ಚಾಚಿಕೊಂಡು ಅತ್ತಿತ್ತ ನೋಡಿದರು. ನಿನ್ನೆಯ ಟವೆಲ್ಲುಗಳೆಲ್ಲ ರಕ್ತ ಒರೆಸಿ ಬಕೆಟ್ಟಿನಲ್ಲಿ ನೆನೆಯುತ್ತಿದ್ದವು.

"ಒರೆಸಿಕೊಳ್ಳೋಕೆ ಏನಾದರೂ ಇದೆಯೇನಮ್ಮ?"

ಹುಡುಗಿ ಮೆಟ್ಟಿಲ ಹತ್ತಿರ ಹೋಗಿ, ಹೊರಡಲು ಕಟ್ಟಿದ್ದ ಬ್ಯಾಗನ್ನು ಮಂಡಿಯ ನಡುವೆ ಇಟ್ಟುಕೊಂಡು ಒಂದೇ ಕೈಯಲ್ಲಿ ಜಿಪ್ಪು ಎಳೆದು, ಮೇಲೆಯೇ ಮಡಿಸಿಟ್ಟಿದ್ದ ಹಳದಿ ಟವೆಲ್ಲು ತೆಗೆದುಕೊಟ್ಟಳು.