ಮೊನ್ನೆ ಬಂದ ಟೂಲ್

ಮಗಳು ಹುಟ್ಟಿದ ಮೇಲೆ ಮೂರು ವರ್ಷ ಮನೆಯಲ್ಲಿದ್ದ ರಾಗಿಣಿ, ವೆಬ್‌ಸೈಟ್ ಮಾಡುವ ತನ್ನ ಹಳೆಯ ಕೆಲಸಕ್ಕೆ ಮರಳಬೇಕೆಂದು ವಿಜಯನಗರದ ಒಂದು ಸಣ್ಣ ಕಂಪನಿಗೆ ಸಂದರ್ಶನಕ್ಕೆ ಹೋದಳು. ಈ ನಡುವೆ ಅವಳಿಗೆ ಗೊತ್ತಿದ್ದ ಸಾಫ್ಟ್‌ವೇರ್ ಟೂಲ್‌ಗಳಲ್ಲಿ ಅರ್ಧದಷ್ಟು ಮೂಲೆ ಸೇರಿದ್ದವು. ತಿಂಗಳಿಡೀ ಹೊಸದನ್ನು ಓದಿಕೊಂಡೇ ಬಂದಿದ್ದಳು.

ಕಂಪನಿಯ ಮುಖ್ಯಸ್ಥ ಮಧ್ವೇಶ್ ಮೊದಲಿಗೇ ಒಂದು ಹೊಸ ಟೂಲ್‌ನ ಹೆಸರು ಹೇಳಿ, ಅದರಲ್ಲಿ ಕೆಲಸ ಮಾಡಿದ್ದೀರಾ ಎಂದು ಕೇಳಿದರು.

“ಇಲ್ಲ ಸಾರ್, ಹೆಸರೇ ಕೇಳಿಲ್ಲ,” ಎಂದಳು ರಾಗಿಣಿ. ಎದ್ದು ಹೋಗಿಬಿಡೋಣ ಎನ್ನಿಸಿತು. ಆದರೂ ಧೈರ್ಯ ಮಾಡಿ, “ಇಲ್ಲೇ ಕೂತು ಅದರ ಬಗ್ಗೆ ಓದಿ, ಒಂದು ವೆಬ್ ಪೇಜ್ ಮಾಡಿ ತೋರಿಸ್ಲಾ?” ಎಂದಳು.

ಮಧ್ವೇಶ್ ನಕ್ಕು, ತಮ್ಮ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡರು. “ಮಾಡಿ. ಅದು ಮೊನ್ನೆ ತಾನೇ ಬಂದಿರೋದು, ನನಗೂ ಸರಿಯಾಗಿ ಬರಲ್ಲ. ಜೊತೇಲೇ ನೋಡೋಣ.”

ಪೇಜ್ ಮತ್ತೆ ಮತ್ತೆ ಕೈಕೊಟ್ಟಿತು. ಒಂದು ತಪ್ಪನ್ನು ಅವರು ಹುಡುಕಿದರು, ಉಳಿದವನ್ನು ಅವಳೇ ಹುಡುಕಿದಳು. ಕೊನೆಗೆ ಅದು ಪರದೆಯ ಮೇಲೆ ಸರಿಯಾಗಿ ಮೂಡುವ ಹೊತ್ತಿಗೆ ಇಬ್ಬರ ಕಾಫಿಯೂ ಆರಿಹೋಗಿತ್ತು.

“ಸೋಮವಾರದಿಂದ ಬರ್ತೀರಾ?” ಎಂದರು ಮಧ್ವೇಶ್.

ಮೆಟ್ರೋ ಸ್ಟೇಷನ್ನಿನತ್ತ ನಡೆಯುತ್ತಾ ರಾಗಿಣಿ ಅಮ್ಮನಿಗೆ ಫೋನ್ ಮಾಡಿದಳು.

“ಕೆಲಸ ಸಿಕ್ತಮ್ಮ.”

“ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ್ಯೇನೇ?”

“ಇಲ್ಲಮ್ಮ. ಗೊತ್ತಿಲ್ಲ ಅಂದು, ಅಲ್ಲೇ ಕಲಿತೆ.”