ಏಳನೇ ಫಿರಂಗಿಗೆ ತಲೆಯಾಡಿಸಿದ್ದು

೨೦೧೯ರ ಅಕ್ಟೋಬರ್ ೧೭, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಕಾರ್ಖಾನೆಯ ತಪಾಸಣೆಗಾರ್ತಿ ಸ್ಲಾವ್ಕ ಅದೇ ಜಾಗಕ್ಕೆ ಮೂರನೆಯ ಸಲ ಎಣ್ಣೆ ಸವರಿ, ಅಲ್ಟ್ರಾಸೌಂಡ್ ಮಾಪಕದ ತುದಿಯನ್ನು ಫಿರಂಗಿಯ ನಳಿಗೆಗೆ ಒತ್ತಿ ಹಿಡಿದಳು. ಪರದೆಯ ಮೇಲೆ ಅದೇ ಮೊನೆ ಎದ್ದಿತು. ೨.೩ ಮಿಲಿಮೀಟರ್. ಮಾಪಕ ತಪ್ಪಿದರೂ ೦.೧ಕ್ಕಿಂತ ಹೆಚ್ಚು ತಪ್ಪುವುದಿಲ್ಲ. ನಳಿಗೆಯ ಒಳಮೈಯ ಬಿರುಕು ಎಷ್ಟು ಆಳ ಇರಬಹುದು ಎಂಬುದಕ್ಕೆ ಕೈಪಿಡಿಯಲ್ಲಿದ್ದ ಮಿತಿ ೨.೦.

ನಳಿಗೆಗೆ ಮೂವತ್ತೆಂಟು ವರ್ಷ. ಅದರ ಸುತ್ತ ಇದ್ದುದೆಲ್ಲ ಹೊಸದು: ಗುರಿಯ ಲೆಕ್ಕ ಹಾಕುವ ಕಂಪ್ಯೂಟರ್, ರೇಡಿಯೊ, ಕತ್ತಲಲ್ಲೂ ಕಾಣುವ ಕ್ಯಾಮೆರಾ, ಒಣಗಿ ನಾಲ್ಕೇ ದಿನವಾಗಿದ್ದ ಹಸಿರು ಬಣ್ಣ. ಟ್ಯಾಂಕಿನಂತೆ ಒಳಗೆ ಜನ ಕೂತು ಓಡಿಸುವ ಇಂಥ ಹದಿನೆಂಟು ಫಿರಂಗಿಗಳು ಆಧುನೀಕರಣಕ್ಕೆಂದು ಈ ಕಾರ್ಖಾನೆಗೆ ಬಂದಿದ್ದವು. ಇದು ಏಳನೆಯದು. ಪಟ್ಟಿಯಲ್ಲಿ ಹೊಸ ನಳಿಗೆಗಳೂ ಇದ್ದವು; ಬಜೆಟ್ಟಿಗೆ ಹೊಂದಿಸುವಾಗ ರಾಜಧಾನಿ ಸೋಫಿಯಾದಲ್ಲಿ ಯಾರೋ ಆ ಒಂದು ಸಾಲನ್ನು ಹೊಡೆದು ಹಾಕಿದ್ದರು.

ಫಿರಂಗಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಚೀಸ್ ತುಂಬಿ ಬೇಯಿಸಿದ ಬಾನಿತ್ಸ ತಿನ್ನುತ್ತಿದ್ದವನು ಸಾರ್ಜೆಂಟ್ ಗಾಂಚೊ. ಇನ್ನು ಮುಂದೆ ಈ ಫಿರಂಗಿ ಅವನದು, ಅವನ ಮೂವರು ಜೊತೆಗಾರರದು.

"ಏನಂತಾಳೆ ಸ್ಲಾವ್ಕಕ್ಕ, ನಮ್ಮ ಮುದುಕಿ?"

"ಮುಖಕ್ಕೆ ಪೌಡರ್ ಬಳಿದಿದಾರೆ. ಹೊಟ್ಟೆನೋವು ಯಾರೂ ಕೇಳ್ತಿಲ್ಲ."

"ಹೊಟ್ಟೇಲಿ ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡು. ಸಾವಿನ ನೋಟೀಸು ಅಂತ ನಮ್ಮನೆ ಬಾಗಿಲಿಗೆ ಅಂಟಿಸೋಕೆ ಒಂದು ಒಳ್ಳೆ ಫೋಟೊ ತೆಗೆಸ್ಕೋಬೇಕು. ಪಾಸ್‌ಪೋರ್ಟ್ ಫೋಟೊದಲ್ಲಿ ಕೋಳಿ ಕದ್ದೋನ ಹಾಗಿದೀನಿ."

ಸ್ಲಾವ್ಕ ನಕ್ಕು ಬಾಯಿ ತೆರೆಯುವಷ್ಟರಲ್ಲಿ, ಈ ಕೆಲಸದ ಹೊಣೆ ಹೊತ್ತಿದ್ದ ಕರ್ನಲ್ ಮಿಂಕೊವ್ ಬಂದ. ಅವಳನ್ನು ನಳಿಗೆಯ ಆಚೆ ಬದಿಗೆ ಕರೆದು ಮೆಲ್ಲಗೆ ಕೇಳಿದ.

"ಎಷ್ಟು?"

"ಎರಡು ಪಾಯಿಂಟ್ ಮೂರು."

"ಕೂದಲೆಳೆಯಷ್ಟು ಜಾಸ್ತಿ."

"ಒಂದು ಕೂದಲು ಅಂದ್ರೆ ಪಾಯಿಂಟ್ ಸೊನ್ನೆ ಏಳು, ಕರ್ನಲ್. ಇದು ನಾಲ್ಕು ಕೂದಲು."

"ಮೇಷ್ಟ್ರಾಗ್ಬೇಕಿತ್ತು ನೀನು. ಕೇಳಿಲ್ಲಿ, ಹನ್ನೊಂದಕ್ಕೆ ಗುಂಡು ಹಾರಿಸೋದು ನೋಡೋಕೆ ಮಂತ್ರಿ ಬರ್ತಾನೆ. ಹಿಂದಿನ ಆರೂ ಹೋಗಾಯ್ತು, ಈಗ ತಯಾರಾಗಿರೋದು ಇದೊಂದೇ. ಇದು ನಿಂತ್ರೆ ಉಳಿದಿದ್ದಕ್ಕೂ ದುಡ್ಡಿಲ್ಲ ಅಂತ ಕೈ ಎತ್ತಿಬಿಡ್ತಾರೆ. ಆಮೇಲೆ ಈ ಶೆಡ್ಡಿಗೆ ಬೀಗ. ನೀನೂ ಇನ್ನೂರು ಜನಾನೂ ಮನೆಗೆ ಹೋಗಿ ಮೆಣಸಿನಕಾಯಿ ಸುಡ್ತಾ ಕೂತ್ಕೊಳ್ಳಿ." ಅವನ ದನಿ ಇನ್ನಷ್ಟು ತಗ್ಗಿತು. "ಎಂಟೇ ಗುಂಡು, ಸ್ಲಾವ್ಕ. ಆಮೇಲೆ ಎಲ್ಲಿಂದಾದ್ರೂ ಒಂದು ನಳಿಗೆ ನಾನೇ ಹುಡುಕಿಸ್ತೀನಿ."

ಅಷ್ಟರಲ್ಲಿ ಟೋರ್‌ಬೆನ್ ಬಂದ. ಕಂಪ್ಯೂಟರ್ ಕೂರಿಸಿದ ಹೊರದೇಶದ ಕಂಪನಿಯ ಇಂಜಿನಿಯರ್. ಅವನ ರುಜುವಿಲ್ಲದೆ ಫಿರಂಗಿ ಶೆಡ್ಡು ಬಿಡುವಂತಿರಲಿಲ್ಲ. ದುಭಾಷಿ ಹೊರಗೆ ಫೋನಿನಲ್ಲಿದ್ದಳು. ಟೋರ್‌ಬೆನ್ ಫಾರಂ ಹಿಡಿದು, ಕಲಿತಿದ್ದ ನಾಲ್ಕು ಮಾತಿನಲ್ಲಿ ಎರಡನ್ನು ಜೋಡಿಸಿದ.

"ನಳಿಗೆ... ಒಳ್ಳೇದಾ?"

ನಮ್ಮಲ್ಲಿ ತಲೆಯನ್ನು ಮೇಲೆ ಕೆಳಗೆ ಆಡಿಸಿದರೆ ಇಲ್ಲ ಎಂದರ್ಥ; ಅಡ್ಡಡ್ಡ ಆಡಿಸಿದರೆ ಹೌದು. ಟೋರ್‌ಬೆನ್‌ನ ಊರಿನಲ್ಲಿ ಇದು ತಿರುಗುಮುರುಗು. ಅವನು ಬಂದ ಮೊದಲ ವಾರ "ಎಣ್ಣೆ ಹಾಕಿದೆಯಾ?" ಎಂದು ಕೇಳಿದ್ದಕ್ಕೆ ಒಬ್ಬ ಮೆಕ್ಯಾನಿಕ್ ಇಲ್ಲವೆಂದು ತಲೆಯಾಡಿಸಿದ್ದ; ಅದನ್ನು ಹೌದೆಂದುಕೊಂಡು ಟೋರ್‌ಬೆನ್ ಚಾಲೂ ಮಾಡಿಸಿದ ಎಂಜಿನ್ ಸುಟ್ಟುಹೋಗಿತ್ತು. ಅಂದಿನಿಂದ ಅವನೆದುರು ಎಲ್ಲರೂ ಅವನ ಹಾಗೆಯೇ ತಲೆಯಾಡಿಸಬೇಕು, ಜೊತೆಗೆ ಬಾಯಲ್ಲೂ ಹೇಳಬೇಕು ಎಂದು ನಿಯಮವಾಗಿತ್ತು. 'ತಲೆ ಮಾತ್ರ ಆಡಿಸಬೇಡಿ, ಬಾಯಿ ಬಿಡಿ' ಎಂಬ ಚೀಟಿ ಶೆಡ್ಡಿನ ಕಂಬಗಳ ಮೇಲೆ ಇನ್ನೂ ಇತ್ತು. ಅದನ್ನು ಟೈಪು ಮಾಡಿ ಅಂಟಿಸಿದವಳು ಸ್ಲಾವ್ಕಳೇ.

ಸ್ಲಾವ್ಕ ತಲೆಯನ್ನು ಒಮ್ಮೆ ಮೇಲೆತ್ತಿ ನಿಧಾನವಾಗಿ ಕೆಳಗಿಳಿಸಿದಳು. ಬಾಯಿ ಬಿಡಲಿಲ್ಲ.

ಟೋರ್‌ಬೆನ್ ಫಾರಂನಲ್ಲಿ ಸರಿ ಗುರುತು ಹಾಕಿ ರುಜು ಮಾಡಿದ. ಕರ್ನಲ್ ಎರಡೂ ಬಗೆ ಬಲ್ಲವನು. ಅವನು ತನ್ನ ಬೂಟು ನೋಡಿಕೊಂಡ. ಮೇಲೆ ಗಾಂಚೊ ಅಗಿಯುವುದನ್ನು ನಿಲ್ಲಿಸಿದ್ದ.

"ಸ್ಲಾವ್ಕಕ್ಕ," ಎಂದ ಗಾಂಚೊ, ಟೋರ್‌ಬೆನ್ ಅತ್ತ ಹೋದ ಮೇಲೆ, "ಈಗ ತಲೆ ಆಡಿಸಿದ್ದು ಯಾರಿಗೆ? ಅವನಿಗಾ, ನಂಗಾ?"

ಅವಳು ನಳಿಗೆಯ ಮೇಲಿನ ಎಣ್ಣೆ ಒರೆಸತೊಡಗಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ಸಾರ್ಜೆಂಟ್, ಎಂಜಿನ್ ಹಚ್ಚು," ಎಂದ ಕರ್ನಲ್.

ಗುಡ್ಡದ ಹಿಂದಿನ ಮೈದಾನದಲ್ಲಿ ಕಾಂಕ್ರೀಟ್ ಗೋಡೆಗೆ ಬೆನ್ನು ಕೊಟ್ಟು ಸ್ಲಾವ್ಕ ಎಣಿಸಿದಳು. ಪ್ರತಿ ಗುಂಡಿನ ಸದ್ದಿನ ನಂತರ ಒಳಗಿನ ನಾಲ್ವರ ಮಾತು ಕರ್ನಲ್‌ನ ರೇಡಿಯೊದಲ್ಲಿ ಕೇಳಿಸುವವರೆಗೆ ಅವಳು ಉಸಿರಾಡುತ್ತಿರಲಿಲ್ಲ. ಐದನೆಯದರ ನಂತರ ರೇಡಿಯೊ ಹನ್ನೊಂದು ಸೆಕೆಂಡು ಸುಮ್ಮನಿತ್ತು. ಆಮೇಲೆ ಯಾರೋ ಕೆಮ್ಮಿದರು. ಆರು. ಏಳು. ಎಂಟು. ಎಲ್ಲ ಗುಂಡುಗಳೂ ಗುರಿಯ ಹತ್ತಿರವೇ ಬಿದ್ದವು. ಮಂತ್ರಿ ಟೋರ್‌ಬೆನ್‌ನ ಕೈ ಕುಲುಕಿ, ಹೊಸ ಪರದೆಯ ಪಕ್ಕ ಫೋಟೊ ತೆಗೆಸಿಕೊಂಡು ಹೋದ.

"ನೋಡಿದ್ಯಾ? ಏನಾಯ್ತು? ಏನೂ ಆಗ್ಲಿಲ್ಲ," ಎಂದ ಕರ್ನಲ್. ಅವನ ಕಾಲರು ಒದ್ದೆಯಾಗಿತ್ತು.

"ನಳಿಗೆ ಹುಡುಕಿಸ್ತೀನಿ ಅಂದ್ರಿ."

"ಮುಂದಿನ ವರ್ಷ ನೋಡೋಣ. ಈಗ ಲಾರಿಗೆ ಹತ್ತಿಸ್ಲಿ. ಸಂಜೆಯೊಳಗೆ ರೆಜಿಮೆಂಟಿಗೆ ಸೇರ್ಬೇಕು."

ಮುಂದಿನ ತಪಾಸಣೆ ಎರಡು ವರ್ಷದ ನಂತರ ಎಂದು ಫಾರಂನಲ್ಲಿ ಅಚ್ಚಾಗಿತ್ತು.

ಬಿಸಿ ಲೋಹ ಸುಳ್ಳು ಅಳತೆ ಕೊಡುತ್ತದೆ. ಸ್ಲಾವ್ಕ ಎರಡು ಗಂಟೆ ನಲವತ್ತು ನಿಮಿಷ ಕಾದಳು. ನಳಿಗೆ ಅಂಗೈಗೆ ತಣ್ಣಗಾದ ಮೇಲೆ ಎಣ್ಣೆ ಸವರಿದಳು, ಅಳೆದಳು, ಒರೆಸಿದಳು. ಮತ್ತೆ ಅಳೆದಳು. ಮೂರನೆಯ ಸಲ ಅಳೆಯುವಾಗ ಗಾಂಚೊ ಪಕ್ಕಕ್ಕೆ ಬಂದು ನಿಂತ. ಸಿಗರೇಟು ತುಟಿಯಲ್ಲಿತ್ತು, ಹಚ್ಚಿರಲಿಲ್ಲ. ಲಾರಿಯ ಎಂಜಿನ್ ಆಗಲೇ ಓಡುತ್ತಿತ್ತು.

"ಫೋಟೊ ತೆಗೆಸ್ಕೊಳ್ಲಾ, ಬೇಡ್ವಾ?" ಎಂದ.

ಅವಳ ಕುತ್ತಿಗೆ ಅಲುಗಿತು.

"ತಲೆ ಆಡಿಸ್ಬೇಡ ಅಕ್ಕ. ಬಾಯಿ ಬಿಡು."

ಸ್ಲಾವ್ಕ ಮಾಪಕವನ್ನು ಪೆಟ್ಟಿಗೆಯಲ್ಲಿಟ್ಟಳು. ಮೇಲಂಗಿಯ ಜೇಬಿನಿಂದ ಉಕ್ಕಿನ ಗೀರುಮೊಳೆ ತೆಗೆದು, ಅಳೆದ ಜಾಗದ ಪಕ್ಕದಲ್ಲಿ ನಳಿಗೆಯ ಬಣ್ಣಕ್ಕೆ ಊರಿದಳು. "ಏಯ್, ಏನದು!" ಎಂದು ಕರ್ನಲ್ ಲಾರಿಯ ಕಡೆಯಿಂದ ಕೂಗಿದ. ಹೊಸ ಹಸಿರು ಸಿಪ್ಪೆಸಿಪ್ಪೆಯಾಗಿ ಎದ್ದಿತು, ಅದರಡಿಯ ಹಳೆಯ ಹಸಿರು ಎದ್ದಿತು, ಬರಿಯ ಲೋಹ ಬಂತು. ಬೆರಳೆತ್ತರದ ಒಂದೊಂದೇ ಅಂಕೆಯನ್ನು ಗಟ್ಟಿಯಾಗಿ ಓದುತ್ತ ಕೊರೆದಳು.

೨.೭ ಮಿಲಿಮೀಟರ್.