ಮಾತು ಕೇಳದ ಅಂಕಯ್ಯ ಮಾವ

ನಾವು ಸಾಲಾಗಿ ಆರು ಆಟ ಸೋತಿದ್ದೆವು. ಆರಕ್ಕೂ ನನ್ನ ಸೋದರಮಾವ ಅಂಕಯ್ಯನೇ ಕಾರಣ ಅಂತ ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ಅವನು ಯಾಕೆ ಹಾಗೆ ಆಡುತ್ತಾನೆ ಅನ್ನುವುದು ಮಾತ್ರ ನನಗೆ ತಲೆಬುಡ ಅರ್ಥವಾಗಿರಲಿಲ್ಲ.

ಅದು ಮೊಬೈಲಿನ ಕಾಳಗದ ಆಟ. ತಂಡಕ್ಕೆ ಮೂವರು. ನಮ್ಮ ಕೋಟೆ ಕಾಯಬೇಕು, ಎದುರಿನವರದು ಒಡೆಯಬೇಕು. ಕ್ಯಾಪ್ಟನ್ ನಾನು. ಹೆಸರು ಶಿವಾನಿ, ಬೀಚನಹಳ್ಳಿ ಹತ್ತಿರದ ರೆಸಾರ್ಟೊಂದರ ರಿಸೆಪ್ಷನ್ನಿನಲ್ಲಿ ಕೂರುವವಳು. ಹಾರನಹಳ್ಳಿಯ ಪ್ರಿಯಾ ನನ್ನ ಜೊತೆ ಡಿಗ್ರಿ ಓದಿದವಳು, ಸಿಟ್ಟು ಮೂಗಿನ ತುದಿಯಲ್ಲೇ. ಮೂರನೆಯವನು ಮಾವ. ಐವತ್ತೆರಡು ವರ್ಷ, ಅಣೆಕಟ್ಟೆಯಲ್ಲಿ ಗೇಟಿನ ಕೆಲಸ. ಒಂದು ದಿನ ತಮಾಷೆಗೆ ಫೋನ್ ಕೈಗೆ ಕೊಟ್ಟರೆ ಅವನ ಬೆರಳು ನಮ್ಮಿಬ್ಬರಿಗಿಂತ ಜೋರಾಗಿ ಓಡಿತು. ಸೇರಿಸಿಕೊಂಡೆವು.

ಅವನ ಪಾತ್ರಕ್ಕೆ ಒಂದು ದೊಡ್ಡ ಪವರ್ ಇದೆ. ತುಂಬಲು ಒಂದೂವರೆ ನಿಮಿಷ ಬೇಕು. ಒಮ್ಮೆ ಪ್ರಯೋಗಿಸಿದರೆ ಖಾಲಿ, ಆಮೇಲೆ ಒಂದೇಟಿಗೆ ಸಾಯುತ್ತಾನೆ. ಯಾವಾಗ ಪ್ರಯೋಗಿಸಬೇಕು ಅನ್ನುವುದೇ ಆಟದ ಮರ್ಮ. ಮಾವನೋ, ನಾನು ವಾಪಸ್ ಕರೆದ ಗಳಿಗೆಯಲ್ಲೇ ಅದನ್ನು ಖರ್ಚು ಮಾಡಿ, ಶತ್ರುವಿನ ಎದುರು ಬರಿಗೈಲಿ ನಿಂತುಬಿಡುತ್ತಿದ್ದ. ಕೆಪ್ಪನೇನೋ ಅಂದುಕೊಂಡೆ. ಹೊಸ ಹೆಡ್‌ಫೋನ್ ಕೊಡಿಸಿದೆ. ಮೆನು ಕಾರ್ಡಿನ ಹಿಂದೆ ನಕ್ಷೆ ಬರೆದು, "ಎದುರಿನ ಮೂವರಲ್ಲಿ ಯಾರು ಕಾಣ್ತಿಲ್ಲ ಅಂತ ನೋಡ್ತಿರು ಮಾವ" ಅಂತ ಪಾಠ ಮಾಡಿದೆ. ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸಿದ. ಮಾರನೆಯ ಆಟದಲ್ಲಿ ಮತ್ತದೇ ಕಥೆ.

ಪ್ರಿಯಾ ಫೋನ್ ಮಾಡಿದಳು. "ಬಾನುವಾರ ಹುಣಸೂರು ಟೂರ್ನಮೆಂಟಲ್ಲೂ ಇಂಗೇ ಆದ್ರೆ ನಾನು ಕೆ.ಆರ್. ನಗರದ ಟೀಮ್‌ಗೆ ಓಯ್ತೀನಿ ಕಣೆ. ಇಲ್ಲಾ ನಿಮ್ಮಾವನ್ನ ತೆಗಿ."

ತೆಗೆಯುವುದು ಹೇಗೆ? ಅತ್ತೆ ತೀರಿಕೊಂಡ ಮೇಲೆ ಮಾವ ಬಾಯಿತುಂಬ ನಕ್ಕಿದ್ದೇ ಈ ಆಟದಲ್ಲಿ. ಪ್ರಿಯಾಳನ್ನು ಬಿಟ್ಟರೆ ತಂಡವೇ ಇಲ್ಲ. ಎರಡು ದಿನ ಊಟ ಸೇರಲಿಲ್ಲ ನನಗೆ.

ಗುರುವಾರ ಮಧ್ಯಾಹ್ನ, ಬುತ್ತಿ ಮುಂದಿಟ್ಟುಕೊಂಡು ಸೋತ ಆಟಗಳ ರೆಕಾರ್ಡಿಂಗ್ ಹಾಕಿದೆ. ನನ್ನ ದನಿ ನನಗೇ ಹಿಡಿಸದ ಕಾರಣ ಯಾವಾಗಲೂ ಸದ್ದು ನಿಲ್ಲಿಸಿಯೇ ನೋಡುತ್ತಿದ್ದೆ. ಅವತ್ತು ಸದ್ದು ಇಟ್ಟೆ. ಮಾವ ಮುನ್ನುಗ್ಗಿದಾಗೆಲ್ಲ ನಾನು ಕಿರುಚುತ್ತಿದ್ದೆ, "ಮಾವ, ಬುಡು! ಬುಡು ಬುಡು!" ಮರುಕ್ಷಣವೇ ಅವನ ಪವರ್ ಖಾಲಿ. ಆರೂ ಆಟಗಳಲ್ಲಿ ಹೀಗೇ.

ಕೆಲಸ ಮುಗಿಸಿ ಸೀದಾ ಅಣೆಕಟ್ಟೆಗೆ ಹೋದೆ.

"ಮಾವ, ನಾನು ಬುಡು ಅಂದ್ರೆ ಏನ್ ಮಾಡ್ತೀಯ?"

"ಬುಡ್ತೀನಿ."

"ಏನ್ನ?"

"ಪವರ್‌ನ. ಇನ್ನೇನ್ ಬುಡ್ಲಿ?" ನನ್ನನ್ನೇ ವಿಚಿತ್ರವಾಗಿ ನೋಡಿದ. "ಇಪ್ಪತ್ತೆಂಟು ವರ್ಸದಿಂದ ಸಾಹೇಬ್ರು ಫೋನ್ ಮಾಡಿ 'ಅಂಕಯ್ಯ, ಬುಡು' ಅಂದ್ರೆ ಗೇಟ್ ಎತ್ತಿ ನೀರು ಬುಟ್ಟಿವ್ನಿ. ಯಾಕೆ ಅಂತ ಕೇಳಾಕೆ ನಾನ್ಯಾರು? ನೀನು ಕ್ಯಾಪ್ಟನ್ನು. ನಿಂಗೆ ಎಲ್ಲಾ ಕಾಣ್ತದೆ ಅಂದ್ಕಂಡೆ."

ಆ ಶತ್ರುವಿನ ಸಹವಾಸ ಬಿಡು, ವಾಪಸ್ ಬಾ ಅಂತ ನಾನು ಹೇಳಿದ್ದು. ಪ್ರಿಯಾಗೂ ಹಾಗೇ ಕೇಳಿಸಿತ್ತು. ಮಾವ ಆರು ಆಟದಲ್ಲೂ ನನ್ನ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದ್ದ, ನಾನು ಅವನನ್ನು ಕೆಪ್ಪ ಅಂದುಕೊಂಡಿದ್ದೆ. ಇನ್ನು ಮೇಲೆ ವಾಪಸ್ ಬರಲು "ಬಾ", ಪವರ್‌ಗೆ "ಹೊಡಿ" ಅಂತ ಒಪ್ಪಂದ ಮಾಡಿಕೊಂಡೆ. ಪ್ರಿಯಾಗೆ ಮಾತ್ರ ಏನೂ ಹೇಳಲಿಲ್ಲ. ಕ್ಯಾಪ್ಟನ್ ಅನ್ನಿಸಿಕೊಂಡವಳು ಯಾವ ಬಾಯಲ್ಲಿ ಹೇಳಲಿ?

ಭಾನುವಾರ ಬೆಳಿಗ್ಗೆ ಹುಣಸೂರಿನ ಕಲ್ಯಾಣ ಮಂಟಪದಲ್ಲಿ ಮೊದಲ ಪಂದ್ಯ. ಮೂವರೂ ಅಕ್ಕಪಕ್ಕ ಕೂತಿದ್ದೆವು. ಸಮಸಮ ಹೋಯಿತು. ಕೊನೆಯ ನಿಮಿಷದಲ್ಲಿ ಎದುರಿನ ಕೋಟೆಯ ಬಾಗಿಲಲ್ಲಿ ಅವರಲ್ಲೊಬ್ಬ ಅರೆಜೀವವಾಗಿ ನಿಂತಿದ್ದ. ಉಳಿದ ಇಬ್ಬರು ಎಲ್ಲಿ? ನನಗೆ ಗೊತ್ತಾಗಲಿಲ್ಲ. ನೋಡುವ ವ್ಯವಧಾನವೂ ಇರಲಿಲ್ಲ.

"ಹೊಡಿ ಮಾವ!"

ಮಾವ ಹೊಡೆಯಲಿಲ್ಲ.

"ಮಾವ, ಹೊಡಿ ಅಂದೆ!"

ಅವನು ತಿರುಗಿ ನಮ್ಮ ಕೋಟೆಯ ಕಡೆ ಓಡತೊಡಗಿದ. "ಥೂ, ಮತ್ತೆ ಶುರುವಾಯ್ತು!" ಅಂತ ಪ್ರಿಯಾ ಹಲ್ಲು ಕಡಿದಳು. ಅಷ್ಟರಲ್ಲಿ ನಮ್ಮ ಕೋಟೆಯ ಹಿಂದಿನ ಪೊದೆಯಿಂದ ಇಬ್ಬರೂ ಹೊರಬಂದರು. ಮಾವ ಇಬ್ಬರ ಮೇಲೂ ಒಟ್ಟಿಗೆ ಪವರ್ ಸುರಿದ. ಇಬ್ಬರೂ ಸತ್ತರು. ಅತ್ತ ಪ್ರಿಯಾ ಅರೆಜೀವದವನನ್ನು ಮುಗಿಸಿ ಬಾಗಿಲು ಒಡೆದಳು. ಗೆದ್ದೆವು.

ಜನ ಚಪ್ಪಾಳೆ ತಟ್ಟುತ್ತಿದ್ದರು. ಮಾವ ಮಾತ್ರ ಬಿಳಿಚಿಕೊಂಡು ನನ್ನ ಎದುರು ನಿಂತಿದ್ದ.

"ತಪ್ಪಾಯ್ತು ಕಣವ್ವ. ನೀನು ಒಡಿ ಅಂದೆ, ನಾನು ಒಡೀನಿಲ್ಲ. ಆ ಇಬ್ರೂ ಕಾಣ್ನಿಲ್ಲ, ದಿಗಿಲಾಗೋಯ್ತು."

ಪ್ರಿಯಾ ನಕ್ಕಳು. "ಯಾವತ್ತು ಅವಳ ಮಾತು ಕೇಳಿದ್ರಿ ಅಂಕಲ್, ಇವತ್ತು ಕೇಳಕ್ಕೆ?"

ಮಾವ ತಲೆ ತಗ್ಗಿಸಿದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಆ ಆರು ಆಟಾನೂ ಸೋಲಿಸಿದ್ದು ನಾನು ಕಣೆ ಪ್ರಿಯಾ," ಅಂದೆ. "ಆರರಲ್ಲೂ ಮಾವ ನನ್ನ ಮಾತು ಕೇಳಿದ್ದ. ಇವತ್ತೊಂದಿನ ಕೇಳಲಿಲ್ಲ."